ಆರು ಪ್ರಯತ್ನ, ಒಂದು ಮೊತ್ತ: ಮೀರಾಬಾಯಿ ಚಾನು ಅವರ ಕ್ರೀಡಾಜೀವನವನ್ನು ಓದುವ ಬಗೆ

2024ರ ಆಗಸ್ಟ್ 7ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ವೇಟ್‌ಲಿಫ್ಟಿಂಗ್‌ನಲ್ಲಿ ಭಾರತದ ಮೀರಾಬಾಯಿ ಚಾನು ಒಟ್ಟು 199 ಕೆ.ಜಿ. ಎತ್ತಿ ನಾಲ್ಕನೆಯ ಸ್ಥಾನ ಪಡೆದರು. ಮರುವರ್ಷದ ಅಕ್ಟೋಬರ್‌ನಲ್ಲಿ ನಾರ್ವೆಯ ಫೋರ್ಡೆಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದೇ 199 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಅದಕ್ಕೂ ಹಿಂದೆ, 2021ರ ಏಪ್ರಿಲ್‌ನಲ್ಲಿ ತಾಷ್ಕೆಂಟಿನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ವಿಶ್ವದಾಖಲೆಯೊಂದನ್ನು ಬರೆದು ಒಟ್ಟು 205 ಕೆ.ಜಿ. ಎತ್ತಿದಾಗ ಅವರ ಕೊರಳಿಗೆ ಬಿದ್ದದ್ದು ಕಂಚು. 2017ರಲ್ಲಿ ಬರೀ 194 ಕೆ.ಜಿ. ಎತ್ತಿದಾಗ ಸಿಕ್ಕಿದ್ದು ವಿಶ್ವ ಚಾಂಪಿಯನ್ ಪಟ್ಟ. ಹೆಚ್ಚು ಎತ್ತಿದವರಿಗೆ ಹೆಚ್ಚಿನ ಪದಕ ಎಂಬ ಸರಳ ತಿಳಿವಳಿಕೆಯಿಂದ ಈ ನಾಲ್ಕು ಸಂಖ್ಯೆಗಳನ್ನು ಓದಲು ಹೊರಟರೆ ಏನೂ ಅರ್ಥವಾಗುವುದಿಲ್ಲ.

ಹಾಕಿಯಲ್ಲಿ ಇಂಥ ತೊಡಕಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ನೋಡುತ್ತಲೇ ಬೆಳೆದ ಕೊಡಗಿನ ಮನೆಗಳಲ್ಲಿ ಪೆನಾಲ್ಟಿ ಕಾರ್ನರ್ ಕೊಟ್ಟದ್ದು ಸರಿಯೋ ತಪ್ಪೋ ಎಂದು ಅಜ್ಜಿಯೂ ಮೊಮ್ಮಗಳೂ ಸಮಸಮನಾಗಿ ವಾದಿಸಬಲ್ಲರು. ಅಶ್ವಿನಿ ನಾಚಪ್ಪ ಅವರ ಓಟವನ್ನಾಗಲಿ ರೋಹನ್ ಬೋಪಣ್ಣ ಅವರ ಸರ್ವನ್ನಾಗಲಿ ವಿವರಿಸಿ ಹೇಳಬೇಕಾದ ಅಗತ್ಯ ಇಲ್ಲಿ ಬೀಳುವುದಿಲ್ಲ. ವೇಟ್‌ಲಿಫ್ಟಿಂಗ್ ಮಾತ್ರ ನಾಲ್ಕು ವರ್ಷಕ್ಕೊಮ್ಮೆ ಟಿ.ವಿ.ಯಲ್ಲಿ ಕಾಣಿಸಿಕೊಂಡು, ಒಬ್ಬರ ಕಣ್ಣೀರನ್ನೋ ನಗುವನ್ನೋ ತೋರಿಸಿ ಮರೆಯಾಗುವ ಆಟವಾಗಿ ಉಳಿದಿದೆ. ಆ ಕಣ್ಣೀರಿನ ಹಿಂದೆ ಒಂದು ಲೆಕ್ಕವಿರುತ್ತದೆ. ಲೆಕ್ಕ ತಿಳಿಯದಿದ್ದರೆ ಮೀರಾಬಾಯಿ ಅವರ ಸೋಲೂ ಗೆಲುವೂ ಕೇವಲ ಅದೃಷ್ಟದಂತೆ ಕಾಣುತ್ತವೆ. ಆದ್ದರಿಂದ ಅವರ ಕ್ರೀಡಾಜೀವನವನ್ನೇ ಮುಂದಿಟ್ಟುಕೊಂಡು ಆ ಲೆಕ್ಕವನ್ನು ಬಿಡಿಸುವುದು ಈ ಲೇಖನದ ಉದ್ದೇಶ.

ಮೊದಲು ಆಟದ ಚೌಕಟ್ಟು. ಪ್ರತಿ ಸ್ಪರ್ಧಿಗೂ ಎರಡು ಬಗೆಯ ಎತ್ತುವಿಕೆಯಲ್ಲಿ ತಲಾ ಮೂರು ಪ್ರಯತ್ನಗಳಿರುತ್ತವೆ. ಮೊದಲನೆಯದಾದ ಸ್ನ್ಯಾಚ್‌ನಲ್ಲಿ ಬಾರನ್ನು, ಅಂದರೆ ಎರಡೂ ತುದಿಗೆ ಭಾರದ ತಟ್ಟೆ ಹಾಕಿದ ಸರಳನ್ನು, ನೆಲದಿಂದ ತಲೆಯ ಮೇಲಕ್ಕೆ ಒಂದೇ ಚಲನೆಯಲ್ಲಿ ಒಯ್ಯಬೇಕು. ಎರಡನೆಯದಾದ ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೊದಲು ಭುಜದ ಮಟ್ಟಕ್ಕೆ ತಂದು, ಅಲ್ಲಿ ನಿಂತು, ಬಳಿಕ ತಲೆಯ ಮೇಲಕ್ಕೆ ಚಿಮ್ಮಿಸಬೇಕು. ಎರಡರಲ್ಲಿಯೂ ಸಫಲವಾದ ಅತಿ ಹೆಚ್ಚಿನ ಭಾರವನ್ನು ಕೂಡಿಸಿದಾಗ ಬರುವುದೇ ಒಟ್ಟು ಮೊತ್ತ, ಮತ್ತು ಒಲಿಂಪಿಕ್ಸ್‌ನಲ್ಲಿ ಪದಕ ಸಿಗುವುದು ಈ ಮೊತ್ತಕ್ಕೆ ಮಾತ್ರ. ಒಂದು ಬಗೆಯ ಮೂರೂ ಪ್ರಯತ್ನಗಳು ವಿಫಲವಾದರೆ ಇನ್ನೊಂದರಲ್ಲಿ ಎಷ್ಟೇ ಎತ್ತಿದ್ದರೂ ಮೊತ್ತವೇ ಇರುವುದಿಲ್ಲ. ಆ ಸ್ಪರ್ಧಿಗೆ ಸ್ಥಾನವೂ ಇಲ್ಲ. ಎತ್ತಿದ್ದು ಸರಿಯೇ ಎಂದು ಮೂವರು ರೆಫರಿಗಳು ಬಿಳಿ ಅಥವಾ ಕೆಂಪು ದೀಪದ ಮೂಲಕ ಹೇಳುತ್ತಾರೆ. ಎರಡು ಬಿಳಿ ದೀಪ ಬಂದರೆ ಸಾಕು. ತಲೆಯ ಮೇಲೆ ಹೋದ ಮೇಲೂ ಮೊಣಕೈ ಮಡಿಸಿ ಮತ್ತೆ ನೇರ ಮಾಡಿದರೆ, ಭುಜಕ್ಕೆ ತರುವಾಗ ಮೊಣಕೈ ತೊಡೆಗೋ ಮೊಣಕಾಲಿಗೋ ತಾಗಿದರೆ, ಬಾರು ಬೀಳದೆ ನಿಂತಿದ್ದರೂ ಅದು ವಿಫಲವೇ.

ಮಹಿಳೆಯರ ಬಾರು 15 ಕೆ.ಜಿ. ತೂಗುತ್ತದೆ, ಪುರುಷರದು 20. ಬಾರಿನ ದಪ್ಪವೂ ಬೇರೆ: ಮಹಿಳೆಯರಿಗೆ 25 ಮಿ.ಮೀ., ಪುರುಷರಿಗೆ 28 ಮಿ.ಮೀ. ತಟ್ಟೆಗಳಿಗೆ ಬಣ್ಣದ ಗುರುತಿದೆ: ಕೆಂಪು 25, ನೀಲಿ 20, ಹಳದಿ 15, ಹಸಿರು 10 ಕೆ.ಜಿ. 2021ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮೀರಾಬಾಯಿ ಎತ್ತಿದ 115 ಕೆ.ಜಿ.ಯನ್ನು ಬಿಡಿಸಿ ನೋಡಿದರೆ, ಬಾರಿನ ಪ್ರತಿ ಬದಿಯಲ್ಲೂ ಒಂದು ಕೆಂಪು, ಒಂದು ನೀಲಿ, ಎರಡೂವರೆ ಕೆ.ಜಿ.ಯ ಒಂದು ಚಿಕ್ಕ ತಟ್ಟೆ, ಅವನ್ನು ಬಿಗಿದು ಹಿಡಿಯುವ ಎರಡೂವರೆ ಕೆ.ಜಿ.ಯ ಕಾಲರ್. ಬಣ್ಣ ನೋಡಿ ಭಾರ ಕೂಡಿಸುವ ಅಭ್ಯಾಸವಾದರೆ ವೀಕ್ಷಕ ವಿವರಣೆ ಇಲ್ಲದೆಯೂ ಸ್ಪರ್ಧೆಯನ್ನು ಹಿಂಬಾಲಿಸಬಹುದು.

ಈ ಸಂಖ್ಯೆಗಳ ಗಾತ್ರ ಕೊಡಗಿನವರಿಗೆ ಬೇಗ ಮನದಟ್ಟಾಗುವ ಒಂದು ದಾರಿಯಿದೆ. ನಮ್ಮಲ್ಲಿ ಕಾಫಿಯ ದರವನ್ನು ಹೇಳುವುದೇ 50 ಕೆ.ಜಿ.ಯ ಚೀಲದ ಲೆಕ್ಕದಲ್ಲಿ. ತಾಷ್ಕೆಂಟಿನಲ್ಲಿ ಮೀರಾಬಾಯಿ ಕ್ಲೀನ್ ಅಂಡ್ ಜರ್ಕ್‌ನಲ್ಲಿ ಎತ್ತಿ ವಿಶ್ವದಾಖಲೆ ಮಾಡಿದ್ದು 119 ಕೆ.ಜಿ. ಅಂದರೆ, ತಾನೇ ಒಂದು ಚೀಲದಷ್ಟು ತೂಗುವ ಹೆಣ್ಣುಮಗಳೊಬ್ಬಳು ಎರಡು ಚೀಲ ತುಂಬಿ ಮಿಕ್ಕ ಭಾರವನ್ನು ತಲೆಯ ಮೇಲೆ ಕೈ ಚಾಚಿ ಹಿಡಿದಂತಾಯಿತು. ಕಣದಿಂದ ಗೋದಾಮಿಗೆ ಚೀಲ ಹೊರುವವರು ಅದನ್ನು ಬೆನ್ನಿಗೆ ಏರಿಸಿಕೊಳ್ಳಲು ಇನ್ನೊಬ್ಬರ ಕೈಯ ನೆರವು ಪಡೆಯುತ್ತಾರೆ. ಇಲ್ಲಿ ಆ ನೆರವಿಲ್ಲ.

ಇದು ಬರೀ ತೋಳ್ಬಲದ ಮಾತು ಎಂದು ತಿಳಿದರೆ ಅರ್ಧ ಸತ್ಯವನ್ನು ಮಾತ್ರ ತಿಳಿದಂತೆ. ನಿಧಾನಗತಿಯ ದೃಶ್ಯದಲ್ಲಿ ನೋಡಿದರೆ ತಿಳಿಯುವುದೇನೆಂದರೆ, ಸ್ಪರ್ಧಿ ಬಾರನ್ನು ತಲೆಯ ಎತ್ತರದವರೆಗೆ ಎಳೆಯುವುದೇ ಇಲ್ಲ. ಕಾಲು ಮತ್ತು ಸೊಂಟದ ಬಲದಿಂದ ಬಾರಿಗೆ ವೇಗ ಕೊಟ್ಟು, ಅದು ತನ್ನ ಓಘದಲ್ಲಿ ಹೊಟ್ಟೆ ಎದೆಗಳ ಮಟ್ಟಕ್ಕೆ ಏರುತ್ತಿರುವಾಗಲೇ ತಾನು ಕ್ಷಣಮಾತ್ರದಲ್ಲಿ ಅದರ ಅಡಿಗೆ ಕುಕ್ಕರುಗಾಲಿನಲ್ಲಿ ಇಳಿದುಬಿಡುತ್ತಾಳೆ. ಸ್ನ್ಯಾಚ್‌ನಲ್ಲಿ ಕೈಗಳನ್ನು ಅಗಲಿಸಿ ಹಿಡಿಯುವುದು ಬಾರು ಏರಬೇಕಾದ ಎತ್ತರವನ್ನು ಕಡಿಮೆ ಮಾಡಲೆಂದೇ. ಹೆಬ್ಬೆರಳನ್ನು ಬಾರಿಗೆ ಸುತ್ತಿ ಅದರ ಮೇಲೆ ಉಳಿದ ಬೆರಳುಗಳನ್ನು ಬಿಗಿಯುವ ನೋವಿನ ಹಿಡಿತವೊಂದನ್ನು ಬಹುತೇಕ ಲಿಫ್ಟರ್‌ಗಳು ಆರಂಭದಲ್ಲೇ ರೂಢಿಸಿಕೊಳ್ಳುತ್ತಾರೆ. ಹಿಡಿತ ಜಾರದಿರಲು ಅದೊಂದು ಮುಖ್ಯ ಉಪಾಯ. ಬಾರಿನ ದಾರಿ ಕೆಲವೇ ಅಂಗುಲ ಮುಂದೆಯೋ ಹಿಂದೆಯೋ ಸರಿದರೆ ಎಷ್ಟೇ ಬಲವಿದ್ದರೂ ತಡೆಯಲಾಗುವುದಿಲ್ಲ. ಮೀರಾಬಾಯಿ ಅವರ ಕಷ್ಟವೆಲ್ಲ ಹೆಚ್ಚಾಗಿ ಇಲ್ಲೇ, ಈ ಸ್ನ್ಯಾಚ್‌ನಲ್ಲೇ ಇದ್ದದ್ದು ಎಂಬುದನ್ನು ಮುಂದೆ ನೋಡುತ್ತೇವೆ.

ಇನ್ನು ಆಟದ ನಿಜವಾದ ಜೂಜು ಇರುವ ಜಾಗ. ಬಾರಿನ ಭಾರ ಏರುತ್ತಲೇ ಹೋಗುತ್ತದೆ, ಒಮ್ಮೆ ಏರಿದ ಮೇಲೆ ಇಳಿಯುವುದಿಲ್ಲ. ಕಡಿಮೆ ಭಾರ ಕೇಳಿದವರು ಮೊದಲು ಬರುತ್ತಾರೆ, ಹೆಚ್ಚು ಕೇಳಿದವರು ಕಾಯುತ್ತಾರೆ. ಹೆಸರು ಕರೆದ ಮೇಲೆ ಒಂದು ನಿಮಿಷದೊಳಗೆ ಬಾರನ್ನು ನೆಲದಿಂದ ಎತ್ತಲು ಆರಂಭಿಸಬೇಕು. ತನ್ನ ಪ್ರಯತ್ನದ ಬೆನ್ನಿಗೇ ಮತ್ತೆ ತನ್ನದೇ ಸರದಿ ಬಂದರೆ ಎರಡು ನಿಮಿಷ. ವಿಫಲವಾದರೆ ಅದೇ ಭಾರವನ್ನು ಮತ್ತೆ ಕೇಳಬಹುದು ಅಥವಾ ಹೆಚ್ಚಿಸಬಹುದು, ಇಳಿಸುವಂತಿಲ್ಲ. ಕೇಳಿದ ಭಾರವನ್ನು ಕೊನೆಯ ಗಳಿಗೆಯಲ್ಲಿ ಬದಲಿಸಲು ಅವಕಾಶವಿರುವುದರಿಂದ ತೆರೆಯ ಹಿಂದೆ ತರಬೇತುದಾರರ ನಡುವೆ ಇನ್ನೊಂದು ಸ್ಪರ್ಧೆ ನಡೆದಿರುತ್ತದೆ: ಎದುರಾಳಿಯನ್ನು ಬೇಗ ವೇದಿಕೆಗೆ ಕಳಿಸುವುದು, ತನ್ನವಳಿಗೆ ವಿಶ್ರಾಂತಿ ಗಿಟ್ಟಿಸುವುದು, ಪದಕಕ್ಕೆ ಬೇಕಾದ ಕನಿಷ್ಠ ಸಂಖ್ಯೆಯನ್ನು ಲೆಕ್ಕ ಹಾಕುವುದು. ಸ್ಪರ್ಧಿ ತನ್ನ ಶಕ್ತಿಗೆ ತಕ್ಕ ಭಾರವನ್ನು ಕೇಳುತ್ತಾಳೆ ಎಂದು ನಾವು ಅಂದುಕೊಂಡಿರುತ್ತೇವೆ. ಕೊನೆಯ ಪ್ರಯತ್ನಗಳಲ್ಲಿ ಅನೇಕ ವೇಳೆ ಅವಳು ಕೇಳುವುದು ಪದಕಕ್ಕೆ ಅಗತ್ಯವಾದ ಭಾರವನ್ನು, ಅದು ತನ್ನ ಶಕ್ತಿಯೊಳಗಿದ್ದರೂ ಸರಿ, ಇಲ್ಲದಿದ್ದರೂ ಸರಿ.

ಇದಕ್ಕೆ ಭಾರತದ ಅತ್ಯಂತ ಪ್ರಸಿದ್ಧ ಉದಾಹರಣೆ ಮೀರಾಬಾಯಿ ಅವರದಲ್ಲ, ಕರ್ಣಂ ಮಲ್ಲೇಶ್ವರಿ ಅವರದು. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಮಲ್ಲೇಶ್ವರಿ 1994 ಮತ್ತು 1995ರಲ್ಲಿ 54 ಕೆ.ಜಿ. ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು. ಮಹಿಳಾ ವೇಟ್‌ಲಿಫ್ಟಿಂಗ್ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಸೇರಿದ 2000ದ ಸಿಡ್ನಿ ಕೂಟದಲ್ಲಿ ಅವರು 69 ಕೆ.ಜಿ. ವಿಭಾಗದಲ್ಲಿ ನಿಂತರು. ಸ್ನ್ಯಾಚ್‌ನಲ್ಲಿ 110, ಕ್ಲೀನ್ ಅಂಡ್ ಜರ್ಕ್‌ನಲ್ಲಿ 130, ಒಟ್ಟು 240 ಕೆ.ಜಿ. ಚೀನಾದ ಲಿನ್ ವೈನಿಂಗ್ ಮತ್ತು ಹಂಗೆರಿಯ ಎರ್ಜ್ಸೆಬೆಟ್ ಮಾರ್ಕುಸ್ ಇಬ್ಬರೂ 242.5 ಕೆ.ಜಿ. ಎತ್ತಿದ್ದರು. ಆ ಕಾಲದ ನಿಯಮದಂತೆ ಮೊತ್ತ ಸಮವಾದರೆ ದೇಹತೂಕ ಕಡಿಮೆ ಇದ್ದವರಿಗೆ ಮೇಲಿನ ಸ್ಥಾನ. ಹಾಗಾಗಿ ಚಿನ್ನ ಲಿನ್ ಅವರದಾಯಿತು. ಮಲ್ಲೇಶ್ವರಿ ಕೊನೆಯ ಪ್ರಯತ್ನಕ್ಕೆ 137.5 ಕೆ.ಜಿ. ಕೇಳಿದರು. ಎತ್ತಿದ್ದರೆ ಮೊತ್ತ 247.5 ಆಗಿ ಚಿನ್ನವೇ ಸಿಗುತ್ತಿತ್ತು. ಅದು ಕೈಗೂಡದೆ ಕಂಚು ಉಳಿಯಿತು, ಮತ್ತು ಅದು ಒಲಿಂಪಿಕ್ಸ್‌ನಲ್ಲಿ ಭಾರತೀಯ ಮಹಿಳೆಯೊಬ್ಬರು ಗೆದ್ದ ಮೊದಲ ಪದಕವಾಯಿತು. 135 ಕೇಳಿದ್ದರೂ ಸಾಕಿತ್ತಲ್ಲವೇ ಎಂದು ಅಂತಿಮ ಪಟ್ಟಿಯನ್ನು ಕೈಯಲ್ಲಿ ಹಿಡಿದು ಇಂದು ಕೇಳಬಹುದು. ಆದರೆ ಬಾರಿನ ಮುಂದೆ ನಿಂತವರ ಕೈಯಲ್ಲಿ ಅಂತಿಮ ಪಟ್ಟಿ ಇರುವುದಿಲ್ಲ. ಆಗ ಭಾರವನ್ನು ಎರಡೂವರೆ ಕೆ.ಜಿ.ಯ ಹೆಜ್ಜೆಯಲ್ಲೇ ಏರಿಸಬೇಕಿತ್ತು ಎಂಬುದೂ ನೆನಪಿರಲಿ, ಒಂದೊಂದೇ ಕೆ.ಜಿ. ಏರಿಸುವ ಈಗಿನ ಪದ್ಧತಿ ಬಂದದ್ದು 2005ರಲ್ಲಿ. ದೇಹತೂಕದ ನಿಯಮವೂ ಈಗ ಇಲ್ಲ. ಮೊತ್ತ ಸಮವಾದರೆ ಆ ಮೊತ್ತವನ್ನು ಮೊದಲು ತಲುಪಿದವರು ಮೇಲೆ ನಿಲ್ಲುತ್ತಾರೆ.

ಮಲ್ಲೇಶ್ವರಿ 54ರಿಂದ 69 ಕೆ.ಜಿ. ವಿಭಾಗಕ್ಕೆ ಏರಿದ್ದು ಈ ಕ್ರೀಡೆಯ ಇನ್ನೊಂದು ತೊಡಕನ್ನು ತೋರಿಸುತ್ತದೆ. ಸ್ಪರ್ಧೆಯ ಎರಡು ಗಂಟೆ ಮೊದಲು ತೂಕ ನೋಡುತ್ತಾರೆ. ವಿಭಾಗದ ಮಿತಿಗಿಂತ ಕೆಲವೇ ಗ್ರಾಂ ಹೆಚ್ಚಿದ್ದರೂ ಆಡುವಂತಿಲ್ಲ. ಈ ವಿಭಾಗಗಳೇ ಆಗಾಗ ಬದಲಾಗುತ್ತವೆ. ಮೀರಾಬಾಯಿ ಬೆಳೆದದ್ದು 48 ಕೆ.ಜಿ. ವಿಭಾಗದಲ್ಲಿ, 2018ರ ಕೊನೆಯಲ್ಲಿ ಅದು ಹೋಗಿ 49 ಬಂತು, 2025ರಲ್ಲಿ ಮತ್ತೆ 48 ಆಯಿತು. ಒಂದು ಕೆ.ಜಿ. ಎಂದರೆ ಏನು ಮಹಾ ಎನಿಸಬಹುದು. 49 ಕೆ.ಜಿ. ತೂಗುವ ದೇಹದಲ್ಲಿ ಕೊಬ್ಬೇ ಕಡಿಮೆ ಇರುವಾಗ ಆ ಒಂದು ಕೆ.ಜಿ. ಇಳಿಸುವುದೆಂದರೆ ಊಟದಲ್ಲೂ ನೀರಿನಲ್ಲೂ ಕಡಿತ, ಅದರಿಂದ ಅಭ್ಯಾಸದಲ್ಲಿ ಬಲಹಾನಿ. ಮುಟ್ಟಿನ ದಿನಗಳಲ್ಲಿ ದೇಹದಲ್ಲಿ ನೀರು ನಿಲ್ಲುವುದರಿಂದ ಮಹಿಳೆಯರಿಗೆ ಈ ಲೆಕ್ಕ ಇನ್ನಷ್ಟು ಬಿಗಿ. ಪ್ಯಾರಿಸ್ ಸ್ಪರ್ಧೆಯ ದಿನ ತಮಗೆ ಮುಟ್ಟಿನ ಮೂರನೆಯ ದಿನವಾಗಿತ್ತು ಎಂದು ಮೀರಾಬಾಯಿ ಬಹಿರಂಗವಾಗಿ ಹೇಳಿದ್ದರು. ನಮ್ಮ ಕ್ರೀಡಾವರದಿಗಳು ಅದನ್ನು ಒಂದು ಸಾಲಿನಲ್ಲಿ ದಾಟಿ ಮುಂದೆ ಹೋದದ್ದು ನನಗೆ ಸರಿಯೆನಿಸಲಿಲ್ಲ.

ಈಗ ಅವರ ಬದುಕಿನ ಕಡೆಗೆ ಬರೋಣ. 1994ರ ಆಗಸ್ಟ್ 8ರಂದು ಮಣಿಪುರದ ನೊಂಗ್‌ಪೊಕ್ ಕಾಕ್‌ಚಿಂಗ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಮೀರಾಬಾಯಿ ಇಂಫಾಲದ ಖುಮನ್ ಲಂಪಕ್ ಕ್ರೀಡಾ ಸಂಕೀರ್ಣದಲ್ಲಿ ಅಭ್ಯಾಸ ಶುರು ಮಾಡಿದರು. ಹಳ್ಳಿಯಿಂದ ಅಲ್ಲಿಗೆ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರ. ಎಷ್ಟೋ ದಿನ ಮರಳು ಸಾಗಿಸುವ ಲಾರಿಗಳಲ್ಲಿ ಹತ್ತಿ ಹೋಗುತ್ತಿದ್ದರು. ಟೋಕಿಯೋ ಪದಕದ ಬಳಿಕ ಆ ಲಾರಿ ಚಾಲಕರನ್ನು ಕರೆಸಿ ಊಟ ಹಾಕಿ ಸತ್ಕರಿಸಿದ್ದು ದೇಶಕ್ಕೆಲ್ಲ ಗೊತ್ತು. ಅವರ ಕಣ್ಣ ಮುಂದಿದ್ದ ಮಾದರಿ ಮಣಿಪುರದವರೇ ಆದ ಕುಂಜರಾಣಿ ದೇವಿ. 1989ರಲ್ಲಿ ಮ್ಯಾಂಚೆಸ್ಟರ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದ ಕುಂಜರಾಣಿ ಅವರಿಗೆ ದೇಹ ಉತ್ತುಂಗದಲ್ಲಿದ್ದ ವರ್ಷಗಳಲ್ಲಿ ಒಲಿಂಪಿಕ್ಸ್‌ನ ಬಾಗಿಲೇ ಇರಲಿಲ್ಲ. ಕೊನೆಗೂ 2004ರ ಅಥೆನ್ಸ್‌ಗೆ ಹೋದಾಗ 190 ಕೆ.ಜಿ. ಎತ್ತಿ ನಾಲ್ಕನೆಯವರಾದರು. ಆ 190 ಹನ್ನೆರಡು ವರ್ಷ ರಾಷ್ಟ್ರೀಯ ದಾಖಲೆಯಾಗಿ ಉಳಿಯಿತು.

ಅದನ್ನು ಮುರಿದವರು ಮೀರಾಬಾಯಿ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 170 ಕೆ.ಜಿ.ಯೊಂದಿಗೆ ಬೆಳ್ಳಿ ಗೆದ್ದಿದ್ದ ಹುಡುಗಿ ಎರಡೇ ವರ್ಷದಲ್ಲಿ, ರಿಯೋ ಒಲಿಂಪಿಕ್ಸ್‌ನ ಆಯ್ಕೆ ಟ್ರಯಲ್ಸ್‌ನಲ್ಲಿ 192ಕ್ಕೆ ತಲುಪಿದರು. ಆಮೇಲೆ ರಿಯೋದಲ್ಲಿ ಆದದ್ದು ಆರು ಪ್ರಯತ್ನಗಳ ನಿಯಮದ ಅತಿ ಕ್ರೂರ ಮುಖ. ಸ್ನ್ಯಾಚ್‌ನಲ್ಲಿ 82 ಕೆ.ಜಿ. ಎತ್ತಿದರು, ಕ್ಲೀನ್ ಅಂಡ್ ಜರ್ಕ್‌ನ ಮೂರೂ ಪ್ರಯತ್ನಗಳು ವಿಫಲವಾದವು. ಮೊತ್ತವಿಲ್ಲ, ಸ್ಥಾನವಿಲ್ಲ. ಆ ದಿನ ಬೆಳ್ಳಿ ಗೆದ್ದ ಇಂಡೋನೇಷ್ಯಾದ ಶ್ರೀ ವಾಹ್ಯುನಿ ಎತ್ತಿದ್ದು 192. ಕಂಚು ಗೆದ್ದ ಜಪಾನಿನ ಹಿರೋಮಿ ಮಿಯಾಕೆ ಎತ್ತಿದ್ದು 188. ಟ್ರಯಲ್ಸ್‌ನಲ್ಲಿ ಎತ್ತಿದ್ದನ್ನು ಅಲ್ಲಿ ಎತ್ತಿದ್ದರೆ ಪದಕ ಖಂಡಿತವಾಗಿತ್ತು. ಎರಡೂ ಬಗೆಯಲ್ಲಿ ಒಂದೊಂದು ಪ್ರಯತ್ನವನ್ನಾದರೂ ಸುರಕ್ಷಿತವಾಗಿ ಮುಗಿಸಿಟ್ಟುಕೊಳ್ಳಬೇಕು ಎಂದು ತರಬೇತುದಾರರು ಮೊದಲ ಭಾರವನ್ನು ತಗ್ಗಿಸಿ ಕೇಳುವುದು ಇದೇ ಭಯದಿಂದ. ತೀರಾ ತಗ್ಗಿಸಲೂ ನಿಯಮ ಬಿಡುವುದಿಲ್ಲ: ಎರಡೂ ಬಗೆಯಲ್ಲಿ ಮೊದಲು ಕೇಳುವ ಭಾರಗಳ ಮೊತ್ತವು ಪ್ರವೇಶಪತ್ರದಲ್ಲಿ ತೋರಿಸಿದ ಮೊತ್ತಕ್ಕಿಂತ 20 ಕೆ.ಜಿ.ಗೂ ಹೆಚ್ಚು ಕೆಳಗಿರುವಂತಿಲ್ಲ.

ಮುಂದಿನ ವರ್ಷ, 2017ರಲ್ಲಿ, ಅಮೆರಿಕದ ಅನಹೈಮ್‌ನಲ್ಲಿ 85 ಮತ್ತು 109, ಒಟ್ಟು 194 ಕೆ.ಜಿ. ಎತ್ತಿ ಅವರು ವಿಶ್ವ ಚಾಂಪಿಯನ್ ಆದರು. ಮಲ್ಲೇಶ್ವರಿ ಅವರ ನಂತರ 22 ವರ್ಷಗಳಿಗೆ ಭಾರತಕ್ಕೆ ಬಂದ ಪಟ್ಟ ಅದು. ಅಭಿಮಾನದ ಜೊತೆಗೆ ಒಂದು ಮಾತನ್ನು ಸೇರಿಸಬೇಕು. ಹಳೆಯ ಒಲಿಂಪಿಕ್ಸ್‌ಗಳ ಮಾದರಿಗಳನ್ನು ಮರುಪರೀಕ್ಷಿಸಿದಾಗ ಉದ್ದೀಪನ ಮದ್ದಿನ ಪ್ರಕರಣಗಳು ಸಾಲುಸಾಲಾಗಿ ಸಿಕ್ಕಿದ್ದರಿಂದ ಚೀನಾ, ರಷ್ಯಾ, ಕಜಕಸ್ತಾನ ಸೇರಿ ಒಂಬತ್ತು ದೇಶಗಳನ್ನು ಆ ವರ್ಷ ಅಮಾನತಿನಲ್ಲಿ ಇಡಲಾಗಿತ್ತು. ಹೀಗಾಗಿ ಅನಹೈಮ್‌ನ ವೇದಿಕೆಯಲ್ಲಿ ಕೆಲವು ಬಲಿಷ್ಠರು ಇರಲಿಲ್ಲ. ಇದರಿಂದ ಮೀರಾಬಾಯಿ ಅವರ ಪಟ್ಟ ಸಣ್ಣದಾಗುವುದಿಲ್ಲ. ಮದ್ದಿನ ಕಳಂಕಕ್ಕೆ ಸಿಕ್ಕಿದ ದೇಶಗಳು ಹೊರಗಿದ್ದಾಗ ಎತ್ತಿದ್ದು ಎಂಬ ಕಾರಣಕ್ಕೆ ಅದನ್ನು ಕೀಳೆನ್ನುವುದು ನ್ಯಾಯವೂ ಅಲ್ಲ. ಆದರೆ 194ಕ್ಕೆ ಚಿನ್ನ, 205ಕ್ಕೆ ಕಂಚು ಹೇಗೆ ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿದೆ.

2018ರಲ್ಲಿ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕೂಟದ ಚಿನ್ನದ ಬಳಿಕ ಬೆನ್ನುನೋವು ಅವರನ್ನು ಹಿಡಿಯಿತು. ಆ ವರ್ಷದ ಏಷ್ಯನ್ ಕ್ರೀಡಾಕೂಟ ಕೈತಪ್ಪಿತು. ಭುಜದ ತೊಂದರೆ ಸ್ನ್ಯಾಚನ್ನು ಹಿಂದಕ್ಕೆ ಎಳೆಯುತ್ತಿತ್ತು. ಮುಖ್ಯ ತರಬೇತುದಾರ ವಿಜಯ್ ಶರ್ಮಾ ಅವರೊಂದಿಗೆ 2020ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ಗೆ ಹೋಗಿ ಆರನ್ ಹಾರ್ಶಿಗ್ ಎಂಬ ತಜ್ಞರ ಬಳಿ ಸ್ನಾಯುಗಳ ಅಸಮತೋಲನವನ್ನು ಸರಿಪಡಿಸಿಕೊಂಡರು. ಇದರ ಫಲ ತಾಷ್ಕೆಂಟಿನಲ್ಲಿ ಕಂಡಿತು, ಆದರೆ ಓರೆಯಾಗಿ. ಸ್ನ್ಯಾಚ್‌ನ ಮೊದಲ ಎರಡು ಪ್ರಯತ್ನಗಳು ವಿಫಲವಾಗಿ, ಮೂರನೆಯದರಲ್ಲಿ ಹೇಗೋ 86 ದಕ್ಕಿತು. ಕ್ಲೀನ್ ಅಂಡ್ ಜರ್ಕ್‌ನಲ್ಲಿ 49 ಕೆ.ಜಿ. ವಿಭಾಗದಲ್ಲಿ ಜಗತ್ತಿನ ಯಾವ ಮಹಿಳೆಯೂ ಅದುವರೆಗೆ ಎತ್ತಿರದ 119. ಅದೇ ಸ್ಪರ್ಧೆಯಲ್ಲಿ ಚೀನಾದ ಹೌ ಝಿಹುಯಿ ಸ್ನ್ಯಾಚ್‌ನಲ್ಲೇ 96 ಎತ್ತಿ, ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೀರಾಬಾಯಿ ಅವರಿಗಿಂತ ಎರಡು ಕೆ.ಜಿ. ಕಡಿಮೆ ಎತ್ತಿದರೂ ಒಟ್ಟು 213ಕ್ಕೆ ಹೋದರು. ಒಂದು ಅಂಕಣದ ಹತ್ತು ಕೆ.ಜಿ. ಕೊರತೆಯನ್ನು ಇನ್ನೊಂದು ಅಂಕಣದ ವಿಶ್ವದಾಖಲೆಯೂ ತುಂಬಲಾರದು. 205ರ ಕಂಚಿನ ಉತ್ತರದ ಉಳಿದ ಭಾಗ ಇಷ್ಟೇ.

ಮೂರು ತಿಂಗಳ ಬಳಿಕ ಟೋಕಿಯೋ. ಸ್ನ್ಯಾಚ್‌ನಲ್ಲಿ 84, 87 ದಕ್ಕಿ 89 ತಪ್ಪಿತು; ಕ್ಲೀನ್ ಅಂಡ್ ಜರ್ಕ್‌ನಲ್ಲಿ 110, 115 ದಕ್ಕಿ 117 ತಪ್ಪಿತು. ಆರರಲ್ಲಿ ನಾಲ್ಕು ಸಫಲ, ಮೊತ್ತ 202, ಬೆಳ್ಳಿ. ಹೌ ಅವರ ಮೊತ್ತ 210, ಕಂಚು ಗೆದ್ದ ಇಂಡೋನೇಷ್ಯಾದ ವಿಂಡಿ ಕಾಂಟಿಕಾ ಅವರದು 194. ಮೇಲೆ ಎಂಟು, ಕೆಳಗೆ ಎಂಟು. ಇದು ಆತಂಕವಿಲ್ಲದ ಬೆಳ್ಳಿ: ಚಿನ್ನ ದೂರ, ಬೆಳ್ಳಿ ಭದ್ರ. ಅವರ ಇಡೀ ವೃತ್ತಿಯಲ್ಲಿ ಲೆಕ್ಕವು ಇಷ್ಟು ಹಿತವಾಗಿ ಕೂಡಿಬಂದ ದಿನ ಬಹುಶಃ ಬೇರೊಂದಿಲ್ಲ.

ಹಾಂಗ್‌ಝೌನಲ್ಲಿ 2023ರಲ್ಲಿ ನಡೆದ ಏಷ್ಯನ್ ಕ್ರೀಡಾಕೂಟ ಇದಕ್ಕೆ ತೀರಾ ವಿರುದ್ಧ. ಸ್ನ್ಯಾಚ್ 83ಕ್ಕೆ ನಿಂತಿತು. ಕ್ಲೀನ್ ಅಂಡ್ ಜರ್ಕ್‌ನಲ್ಲಿ 108 ಎತ್ತಿದ ಮೇಲೆ ಬಾರಿಗೆ ಒಮ್ಮೆಲೇ 117 ಹಾಕಿಸಿದರು. ಟಿ.ವಿ.ಯಲ್ಲಿ ನೋಡಿದವರಿಗೆ ಅದು ದುಡುಕಿನಂತೆ ಕಂಡಿರಬಹುದು. ಕಂಚಿನ ಸ್ಥಾನದಲ್ಲಿದ್ದ ಥಾಯ್ಲೆಂಡಿನ ಸ್ಪರ್ಧಿಯ ಮೊತ್ತ 199; ಅದನ್ನು ದಾಟಲು 83ಕ್ಕೆ 117ನ್ನೇ ಕೂಡಿಸಬೇಕಿತ್ತು, 116ನ್ನು ಕೂಡಿಸಿದರೆ ಬರೀ ಸಮ. ಎರಡು ಬಾರಿಯೂ ಆಗಲಿಲ್ಲ, ಕೊನೆಯ ಬಾರಿ ಹಿಂದಕ್ಕೆ ಬಿದ್ದರು. ಅಲ್ಲಿಂದ ಪ್ಯಾರಿಸ್‌ಗೆ ಬರುವಷ್ಟರಲ್ಲಿ ಸೊಂಟದ ಗಾಯದಿಂದ ತಿಂಗಳುಗಟ್ಟಲೆ ಅಭ್ಯಾಸ ಹೋಗಿತ್ತು. ಪ್ಯಾರಿಸ್‌ನಲ್ಲಿ ಸ್ನ್ಯಾಚ್ ಮುಗಿದಾಗ ಅವರೂ ಥಾಯ್ಲೆಂಡಿನ ಸುರೋದ್ಚನಾ ಖಂಬಾವೊ ಅವರೂ 88ರಲ್ಲಿ ಸಮ. ಕ್ಲೀನ್ ಅಂಡ್ ಜರ್ಕ್‌ನ ಮೊದಲ ಪ್ರಯತ್ನದಲ್ಲಿ 111 ತಪ್ಪಿತು, ಎರಡನೆಯದರಲ್ಲಿ ಅದೇ 111 ದಕ್ಕಿತು. ನನ್ನ ದೃಷ್ಟಿಯಲ್ಲಿ ಪದಕ ಹೋದದ್ದು ಈ ಮೊದಲ 111ರಲ್ಲಿ: ಅದು ದಕ್ಕಿದ್ದರೆ ಮೇಲಿನ ಭಾರಕ್ಕೆ ಎರಡು ಅವಕಾಶಗಳು ಉಳಿಯುತ್ತಿದ್ದವು, ತಪ್ಪಿದ್ದರಿಂದ ಒಂದೇ ಉಳಿಯಿತು. ಆ ಒಂದರಲ್ಲಿ 114 ಮೇಲೇಳಲಿಲ್ಲ. ಖಂಬಾವೊ 112 ಎತ್ತಿ 200, ಮೀರಾಬಾಯಿ 199. ಒಂದು ಕೆ.ಜಿ.

ಫೋರ್ಡೆಯಲ್ಲಿ ಅದೇ ಒಂದು ಕೆ.ಜಿ. ಮಗ್ಗುಲು ಬದಲಿಸಿತು. 48 ಕೆ.ಜಿ.ಗೆ ಇಳಿದಿದ್ದ ಅವರು ಸ್ನ್ಯಾಚ್‌ನಲ್ಲಿ 84 ಎತ್ತಿ, 87ರಲ್ಲಿ ಎರಡು ಬಾರಿ ಸೋತರು. ಥಾಯ್ಲೆಂಡಿನ ತನ್ಯಾತೊನ್ ಸುಕ್‌ಚರೋನ್ 88 ಎತ್ತಿ ನಾಲ್ಕು ಕೆ.ಜಿ. ಮುಂದಿದ್ದರು. ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೀರಾಬಾಯಿ 109, 112, 115 ಮೂರನ್ನೂ ತಪ್ಪಿಲ್ಲದೆ ಎತ್ತಿದರು. ತನ್ಯಾತೊನ್ 110ಕ್ಕೆ ನಿಂತರು. 199ಕ್ಕೆ 198. ಚಿನ್ನ ಗೆದ್ದ ಉತ್ತರ ಕೊರಿಯಾದ ರಿ ಸಾಂಗ್ ಗುಮ್ ಅವರ ಮೊತ್ತ 213 ಆಗಿದ್ದರಿಂದ ಅಲ್ಲಿ ಹೋರಾಟ ಎರಡನೆಯ ಸ್ಥಾನಕ್ಕೆ ಮಾತ್ರ ಇತ್ತು. ಟೋಕಿಯೋದ ನಂತರ ಅವರು ಮತ್ತೆ 115 ಎತ್ತಿದ್ದನ್ನು, ಅದೂ 31ನೆಯ ವಯಸ್ಸಿನಲ್ಲಿ, ಒಂದು ಕೆ.ಜಿ. ಕಡಿಮೆ ದೇಹತೂಕದಲ್ಲಿ ಎತ್ತಿದ್ದನ್ನು ಗಮನಿಸಿದರೆ, ಪದಕದ ಬಣ್ಣಕ್ಕಿಂತ ಆ ಮೂರು ಬಿಳಿ ಪ್ರಯತ್ನಗಳೇ ನನಗೆ ದೊಡ್ಡವಾಗಿ ಕಾಣುತ್ತವೆ.

ಇಷ್ಟೆಲ್ಲ ಓದಿದ ಕೊಡಗಿನ ತಾಯಿಯೊಬ್ಬರು ತಮ್ಮ ಮಗಳನ್ನು ಇದಕ್ಕೆ ಹಾಕಬಹುದೇ ಎಂದು ಕೇಳಿದರೆ ಎದುರಾಗುವ ಮೊದಲ ಅಡ್ಡಿ ಒಂದು ನಂಬಿಕೆ: ಭಾರ ಎತ್ತಿದರೆ ಹೆಣ್ಣುಮಕ್ಕಳ ಎತ್ತರ ನಿಂತುಹೋಗುತ್ತದೆ ಎಂಬುದು. ತಿಳಿದವರ ನಿಗಾದಲ್ಲಿ, ಸರಿಯಾದ ತಂತ್ರದಿಂದ ಮಾಡುವ ಅಭ್ಯಾಸ ಬೆಳವಣಿಗೆಯನ್ನು ತಡೆಯುತ್ತದೆ ಎನ್ನಲು ಆಧಾರವಿಲ್ಲ. ಲಿಫ್ಟರ್‌ಗಳು ಗಿಡ್ಡಗಿರುವುದಕ್ಕೆ ಕಾರಣ ಬೇರೆ: ಕೈಕಾಲು ಚಿಕ್ಕದಾಗಿದ್ದಷ್ಟೂ ಬಾರು ಸಾಗಬೇಕಾದ ದಾರಿ ಚಿಕ್ಕದು, ಆದ್ದರಿಂದ ಹಗುರ ವಿಭಾಗಗಳಲ್ಲಿ ಗಿಡ್ಡಗಿರುವವರೇ ಮೇಲೆ ಬರುತ್ತಾರೆ. ಅಂತರರಾಷ್ಟ್ರೀಯ ನಿಯಮದಲ್ಲಿ ಕಿರಿಯರ ಸ್ಪರ್ಧೆ 13ನೆಯ ವಯಸ್ಸಿಗೇ ಆರಂಭವಾಗುತ್ತದೆ. ನಿಜವಾದ ಅಡ್ಡಿ ಸಲಕರಣೆ ಮತ್ತು ಗುರು. ಹಾಕಿಗೆ ಗದ್ದೆಯಾದರೂ ಸಾಕು, ಊರಿಗೊಬ್ಬ ಹಳೆಯ ಆಟಗಾರ ಸಿಕ್ಕೇ ಸಿಗುತ್ತಾನೆ. ಇದಕ್ಕೆ ಬಾರು ಬಿದ್ದರೂ ತಡೆದುಕೊಳ್ಳುವ ಮರದ ವೇದಿಕೆ, ರಬ್ಬರಿನ ತಟ್ಟೆ, ದಿನವೂ ಬಾರಿನ ದಾರಿಯನ್ನು ಪಕ್ಕದಿಂದ ನೋಡಿ ತಿದ್ದುವ ಕಣ್ಣು ಬೇಕು. ಅದು ದೊಡ್ಡ ನಗರಕ್ಕೆ ಮಾತ್ರ ಸಾಧ್ಯ ಎಂದೇನಿಲ್ಲ. ಕುಂದಾಪುರದ ಕಡೆಯ ಗುರುರಾಜ ಪೂಜಾರಿ ಉಜಿರೆಯ ಕಾಲೇಜಿನ ವ್ಯಾಯಾಮಶಾಲೆಯಿಂದ ಬೆಳೆದು 2018ರ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ತಂದರು. ಹಾಕಿ ಮತ್ತು ಅಥ್ಲೆಟಿಕ್ಸ್‌ಗೆ ಹೆಸರಾದ ಕೂಡಿಗೆಯ ಕ್ರೀಡಾಶಾಲೆಯಂಥ ಜಾಗದಲ್ಲಿ ಒಂದು ಕೋಣೆ, ಒಬ್ಬ ತರಬೇತುದಾರ ಸಾಕು ಎಂದು ನನ್ನ ಎಣಿಕೆ.

ಮೀರಾಬಾಯಿ ಅವರ ಮುಂದಿನ ಲೆಕ್ಕ ಇದಕ್ಕಿಂತ ಕಠಿಣ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಅತಿ ಹಗುರ ವಿಭಾಗವೇ 53 ಕೆ.ಜಿ. ಅಲ್ಲಿ ನಿಲ್ಲಬೇಕಾದರೆ ಇಷ್ಟು ವರ್ಷ ಗ್ರಾಂ ಲೆಕ್ಕದಲ್ಲಿ ತಡೆಹಿಡಿದ ದೇಹಕ್ಕೆ ನಾಲ್ಕೈದು ಕೆ.ಜಿ. ಸ್ನಾಯು ಸೇರಿಸಬೇಕು, ಇಲ್ಲವಾದರೆ ತಮಗಿಂತ ಭಾರವಾದವರ ನಡುವೆ ಹಗುರವಾಗಿಯೇ ಎತ್ತಬೇಕು. ಆ ವಿಭಾಗಕ್ಕೆ ಎಷ್ಟು ಬೇಕಾದೀತು ಎಂಬ ಅಂದಾಜಿಗೆ ಟೋಕಿಯೋದ 55 ಕೆ.ಜಿ. ವಿಭಾಗವನ್ನು ನೋಡಬಹುದು: ಫಿಲಿಪ್ಪೀನ್ಸ್‌ನ ಹಿಡಿಲಿನ್ ಡಯಾಸ್ 224 ಎತ್ತಿ ಚಿನ್ನ ಗೆದ್ದರು, 223 ಎತ್ತಿದ ಚೀನಾದ ಲಿಯಾವೊ ಕ್ಯೂಯುನ್ ಅವರಿಗೆ ಬೆಳ್ಳಿ. ಮೀರಾಬಾಯಿ ಅವರ ಜೀವಮಾನದ ಶ್ರೇಷ್ಠ ಮೊತ್ತ ಇಂದಿಗೂ ತಾಷ್ಕೆಂಟಿನ ಆ 205. ಲಾಸ್ ಏಂಜಲೀಸ್ ಕೂಟದ ಹೊತ್ತಿಗೆ ಅವರಿಗೆ 34 ತುಂಬಲು ಕೆಲವೇ ದಿನ ಬಾಕಿ ಇರುತ್ತದೆ.